ಗೃಹಸ್ಥರ ಲೆಕ್ಕ: ಸಾಲದ ಮನೆಗೆ ಎಷ್ಟು ಬಾಗಿಲು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದುದು ಸುಮ್ಮನೆ ಅಲ್ಲ. ಎರಡರಲ್ಲಿಯೂ ಮೊದಲು ಹಾಕಿದ ಲೆಕ್ಕ ಒಂದು, ಕೊನೆಗೆ ಕೈಬಿಟ್ಟ ಹಣ ಇನ್ನೊಂದು. ಆದರೆ ಮದುವೆಯ ಸಾಲ ಕೆಲವು ವರ್ಷಗಳಲ್ಲಿ ತೀರಬಹುದು. ಮನೆಯ ಸಾಲವಾದರೋ ಇಪ್ಪತ್ತು ವರ್ಷ ಜೊತೆಯಲ್ಲಿ ಬಾಳುವ ನೆಂಟ. ಅಂಥ ನೆಂಟನನ್ನು ಒಳಗೆ ಕರೆಯುವ ಮುನ್ನ ಅವನು ಏನೇನು ಕೇಳುವನು, ಅದರಲ್ಲಿ ಯಾವುದನ್ನು ಕೊಡಲೇಬೇಕು, ಯಾವುದಕ್ಕೆ ಕೈಮುಗಿದು ಬೇಡವೆನ್ನಬಹುದು ಎಂಬುದನ್ನು ತಿಳಿದಿರುವುದು ಸಂಸಾರವಂದಿಗರ ಧರ್ಮ.

ದೃಷ್ಟಾಂತಕ್ಕಾಗಿ ಕುಣಿಗಲ್ಲಿನ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರು-ಹಾಸನ ರೈಲುಮಾರ್ಗ 2017ರಲ್ಲಿ ಪೂರ್ಣಗೊಂಡ ಮೇಲೆ ಯಜಮಾನರು ಬೆಂಗಳೂರಿನ ಬಾಡಿಗೆಮನೆಯನ್ನು ಬಿಟ್ಟು ಹುಟ್ಟೂರಿಗೆ ಮರಳಿದ್ದಾರೆ. ಅತ್ತಕಡೆಯ ಒಂದು ಕಾರ್ಖಾನೆಯಲ್ಲಿ ಉಗ್ರಾಣದ ಲೆಕ್ಕ ನೋಡುವ ಕೆಲಸ. ಮನೆಯಾಕೆ ಹೊಲಿಗೆಯ ಯಂತ್ರವಿಟ್ಟುಕೊಂಡು ತಕ್ಕಮಟ್ಟಿಗೆ ಸಂಪಾದಿಸುತ್ತಾರೆ. ಇಬ್ಬರ ಆದಾಯವೂ ಸೇರಿ ತಿಂಗಳಿಗೆ 45,000 ರೂಪಾಯಿ, ವರ್ಷಕ್ಕೆ 5,40,000. ಶಾಲೆಗೆ ಹೋಗುವ ಮಕ್ಕಳಿಬ್ಬರು. ಸ್ವಂತದ್ದೆಂದು ಎಲ್ಲಿಯೂ ಮನೆಯಿಲ್ಲ. ಊರೊಳಗೆ, ಸಂಜೆಯ ಹೊತ್ತು ದೊಡ್ಡ ಕೆರೆಯ ಗಾಳಿ ಬೀಸುವ ಕಡೆ, ಒಂದು ಪುಟ್ಟ ಮನೆ ಮಾರಾಟಕ್ಕೆ ಬಂದಿದೆ. ಬೆಲೆ 24 ಲಕ್ಷ.

ದಂಪತಿಗಳು ದೀಪದ ಕೆಳಗೆ ಕುಳಿತು ಲೆಕ್ಕ ಹಾಕಿದರು. ಚೀಟಿಯ ಹಣ, ಬ್ಯಾಂಕಿನ ಠೇವಣಿ, ಭವಿಷ್ಯನಿಧಿಯಿಂದ ಪಡೆಯಬಹುದಾದುದು ಎಲ್ಲವೂ ಕೂಡಿ 7 ಲಕ್ಷ. ಸಾಲ 18 ಲಕ್ಷ ತೆಗೆದರೆ ಕೈಯಿಂದ 6 ಲಕ್ಷ ಸಾಕು. ಉಳಿದ ಒಂದು ಲಕ್ಷದಲ್ಲಿ ಸುಣ್ಣಬಣ್ಣ, ಗೃಹಪ್ರವೇಶ. ಅದರ ಮೇಲೆ ಸರ್ಕಾರದ ಸಹಾಯಧನ ಬೇರೆ ಬರುವುದೆಂದು ಯಾರೋ ಹೇಳಿದ್ದಾರೆ. ಲೆಕ್ಕ ಸರಿಹೋಯಿತೆಂದು ಇಬ್ಬರೂ ನೆಮ್ಮದಿಯಿಂದ ಮಲಗಿದರು.

ಲೆಕ್ಕ ಸರಿಹೋಗಿರಲಿಲ್ಲ.

ಸರ್ಕಾರದ ಸಾಲವೆಂದರೆ ಏನು?

ಮೊದಲನೆಯ ತಪ್ಪು ಮಾತಿನಲ್ಲಿದೆ. 'ಸರ್ಕಾರದ ಮನೆಸಾಲ' ಎಂದು ಜನ ಕರೆಯುವುದು ವಾಸ್ತವವಾಗಿ ಬ್ಯಾಂಕಿನ ಅಥವಾ ಗೃಹಸಾಲದ ಸಂಸ್ಥೆಯ ಸಾಲ. ಸರ್ಕಾರ ಅದರ ಹಿಂದೆ ನಿಂತು ಬಡ್ಡಿಯ ಒಂದಂಶವನ್ನು ಹೊರುತ್ತದೆ, ಅಷ್ಟೆ. ಮನೆಗಳಿಗೆ ಹಣ ಒದಗಿಸುವ ಸಲುವಾಗಿ ಭಾರತ ಸರ್ಕಾರ 1970ರಲ್ಲಿ ಹಡ್ಕೊ ಸಂಸ್ಥೆಯನ್ನು ಸ್ಥಾಪಿಸಿತು. 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಹುಟ್ಟಿತು. 2015ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆಯೊಡನೆ ಬಡ್ಡಿಯ ಸಹಾಯಧನ ಮನೆಮಾತಾಯಿತು. ಆ ಮೊದಲ ಸಹಾಯಧನ 2022ರ ಮಾರ್ಚ್ ಅಂತ್ಯಕ್ಕೆ ಮುಗಿದಿದೆ. ಅಂದಿನ ಕರಪತ್ರವನ್ನು ಇಂದು ಯಾರಾದರೂ ತೋರಿಸಿದರೆ ಅದನ್ನು ನಂಬತಕ್ಕದ್ದಲ್ಲ.

ಈಗಿನದು ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ 2.0. ಇದು 2024ರ ಸೆಪ್ಟೆಂಬರ್ 1ರಿಂದ ಐದು ವರ್ಷಗಳ ಅವಧಿಗೆ ಗೊತ್ತಾದುದು. ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆಯಿಲ್ಲದ, ವಾರ್ಷಿಕ ಆದಾಯ 9 ಲಕ್ಷದೊಳಗಿನ ಪಟ್ಟಣವಾಸಿಗಳಿಗೆ ಇದರ ಬಡ್ಡಿ ಸಹಾಯಧನ ಸಲ್ಲುತ್ತದೆ. ಮನೆಯ ಬೆಲೆ 35 ಲಕ್ಷವನ್ನೂ ಸಾಲ 25 ಲಕ್ಷವನ್ನೂ ಮೀರಬಾರದು. ಸಾಲದ ಮೊದಲ 8 ಲಕ್ಷಕ್ಕೆ, 12 ವರ್ಷಗಳವರೆಗಿನ ಅವಧಿಗೆ, ಶೇಕಡಾ 4ರ ಸಹಾಯ. ಅದು ಎಷ್ಟೇ ಆದರೂ ಒಟ್ಟು 1,80,000 ರೂಪಾಯಿಯನ್ನು ದಾಟುವುದಿಲ್ಲ. ಅದೂ ಒಮ್ಮೆಗೇ ಬರುವುದಿಲ್ಲ. ವರ್ಷಕ್ಕೊಂದರಂತೆ ಐದು ಕಂತುಗಳಲ್ಲಿ ಸಾಲದ ಖಾತೆಗೆ ಜಮೆಯಾಗುತ್ತದೆ. ಪೂರ್ಣ ಮೊತ್ತ ದೊರೆತರೂ ಕಂತಿಗೆ 36,000. ಆ ಕಂತು ಬರುವ ಹೊತ್ತಿಗೆ ಸಾಲ ಚಾಲ್ತಿಯಲ್ಲಿದ್ದು, ಅಸಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿಯಿರಬೇಕು.

ಆದುದರಿಂದ ಸಹಾಯಧನವನ್ನು ನಂಬಿ ನೋಂದಣಿಯ ದಿನದ ಖರ್ಚನ್ನು ತೂಗಿಸಲಾಗದು. ಅದು ನಾಳೆಯ ಭಾರವನ್ನು ಹಗುರಮಾಡುವ ಹಣ. ಇಂದಿನ ಕೈಚೀಲಕ್ಕೆ ಬೀಳುವ ಹಣವಲ್ಲ. ಅದನ್ನು ಕೊಡಿಸುವೆನೆಂದು ಮಧ್ಯವರ್ತಿ ಕೇಳುವ 'ಖರ್ಚಿ'ಗೂ ಯೋಜನೆಯಲ್ಲಿ ಸ್ಥಾನವಿಲ್ಲ.

ಮೊದಲನೆಯ ಬಾಗಿಲು: ಕಾನೂನು ಕೇಳುವ ಹಣ

ಮನೆಸಾಲದ ಖರ್ಚುಗಳು ಮೂರು ಬಾಗಿಲುಗಳಿಂದ ಬರುತ್ತವೆ. ಮೂರನ್ನೂ 'ಕಡ್ಡಾಯ' ಎಂಬ ಒಂದೇ ಮಾತಿನಿಂದ ಕರೆಯುವ ವಾಡಿಕೆ ಬಿದ್ದಿದೆ. ಆದರೆ ನಿಜವಾಗಿ ಕಡ್ಡಾಯವಾದುದು ಮೊದಲನೆಯ ಬಾಗಿಲಿನದು ಮಾತ್ರ.

ಅದು ಸರ್ಕಾರಕ್ಕೆ ಸಲ್ಲುವ ಹಣ. ಕರ್ನಾಟಕದಲ್ಲಿ ಸ್ವತಂತ್ರ ಮನೆಯ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇಕಡಾ 5. ಆ ಶುಲ್ಕದ ಮೇಲೆ ಶೇಕಡಾ 10 ಉಪಕರ. ಪಟ್ಟಣಗಳಲ್ಲಿ ಶೇಕಡಾ 2 ಅಧಿಭಾರ. ನೋಂದಣಿ ಶುಲ್ಕ ಬಹುಕಾಲ ಶೇಕಡಾ 1 ಇದ್ದುದು 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ. ಇವನ್ನು ಲೆಕ್ಕ ಹಾಕುವುದು ಸರ್ಕಾರದ ಮಾರ್ಗಸೂಚಿ ಬೆಲೆ ಮತ್ತು ಒಪ್ಪಿದ ಬೆಲೆ ಈ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ.

ಕುಣಿಗಲ್ಲಿನ ದಂಪತಿಗಳ 24 ಲಕ್ಷಕ್ಕೆ ಇದನ್ನು ಅನ್ವಯಿಸಿದರೆ, ಮುದ್ರಾಂಕ ಶುಲ್ಕ 1,20,000, ಉಪಕರ 12,000, ಅಧಿಭಾರ 2,400, ನೋಂದಣಿ 48,000. ಒಟ್ಟು 1,82,400 ರೂಪಾಯಿ. ದೀಪದ ಕೆಳಗಿನ ಲೆಕ್ಕದಲ್ಲಿ ಈ ಸಾಲೇ ಇರಲಿಲ್ಲ. ಮಿಕ್ಕಿದ್ದ ಒಂದು ಲಕ್ಷವೂ ಹೋಗಿ, ಇನ್ನೂ 82,400 ಕೊರತೆ. ಅಂದು ರಾತ್ರಿ ಮನೆಯಾಕೆ ಮಾತಾಡದೆ ಎದ್ದು ಪೆಟ್ಟಿಗೆಯ ಬೀಗ ತೆಗೆದು, ತವರಿನಿಂದ ಬಂದ ನಾಲ್ಕು ಬಳೆಗಳನ್ನು ಚಾಪೆಯ ಮೇಲಿಟ್ಟರು. ಎಷ್ಟೋ ಮನೆಗಳಲ್ಲಿ ಈ ಲೆಕ್ಕ ಹೀಗೆಯೇ ಸರಿಹೋಗುವುದುಂಟು.

ಬಳೆಗಳನ್ನು ಅಡವಿಡುವ ಅಗತ್ಯವಿತ್ತೇ? 30 ಲಕ್ಷದವರೆಗಿನ ಮನೆಸಾಲವನ್ನು ಮನೆಯ ಬೆಲೆಯ ಶೇಕಡಾ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿದೆ. ಬೆಲೆ 10 ಲಕ್ಷವನ್ನು ಮೀರಿದ ಮನೆಗೆ ಮುದ್ರಾಂಕ ಮತ್ತು ನೋಂದಣಿಯ ಖರ್ಚನ್ನು ಆ ಬೆಲೆಗೆ ಕೂಡಿಸಿಕೊಳ್ಳುವಂತಿಲ್ಲ, ನಿಜ. ಆದರೆ 24 ಲಕ್ಷದ ಶೇಕಡಾ 90 ಎಂದರೆ 21,60,000. ಆದಾಯಕ್ಕೆ ಒಗ್ಗುವುದಾದರೆ 18ರ ಬದಲು 19 ಲಕ್ಷ ಕೇಳಿ, ಕೈಯ ಹಣದಲ್ಲಿ ಒಂದು ಲಕ್ಷವನ್ನು ನೋಂದಣಿಗೆ ಉಳಿಸಿಕೊಳ್ಳಬಹುದಾಗಿತ್ತು. ಶೇಕಡಾ 8.5ರ ಬಡ್ಡಿಯಲ್ಲಿ, ಇಪ್ಪತ್ತು ವರ್ಷಗಳ ಅವಧಿಗೆ, ಆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ ಏರುತ್ತದೆ. ಅದು ಅಗ್ಗವೆಂದಲ್ಲ, ಮುಂಚಿತವಾಗಿ ಗೊತ್ತಿದ್ದರೆ ಅದನ್ನೂ ಬಳೆಗಳನ್ನೂ ತೂಗಿ ನೋಡಿ ನಿರ್ಧರಿಸಬಹುದಾಗಿತ್ತು. ಅರ್ಜಿ ಹಾಕುವ ಮೊದಲೇ ಈ ಮೊತ್ತವನ್ನು ತಿಳಿದಿರುವುದು ಆದುದರಿಂದ ಲೇಸು.

ಇದೇ ಬಾಗಿಲಿನಲ್ಲಿ ಇನ್ನೂ ಕೆಲವು ಸಣ್ಣ ಬಾಬುಗಳಿವೆ. ಕ್ರಯಪತ್ರವನ್ನು ಬ್ಯಾಂಕಿನಲ್ಲಿಟ್ಟು ಅಡಮಾನ ಮಾಡುವಾಗ ಆ ಬಗೆಯ ಕರಾರಿಗೂ ಸರ್ಕಾರದ ಮುದ್ರಾಂಕ ಶುಲ್ಕವಿದೆ. ಒಂದೇ ಮನೆಯ ಮೇಲೆ ಎರಡು ಕಡೆ ಸಾಲ ತೆಗೆಯುವ ಮೋಸವನ್ನು ತಡೆಯಲು 2011ರಲ್ಲಿ ಆರಂಭವಾದ ಸೆರ್ಸಾಯ್ ಎಂಬ ಕೇಂದ್ರ ದಾಖಲೆಯಲ್ಲಿ ಅಡಮಾನವನ್ನು ನಮೂದಿಸಬೇಕು. 5 ಲಕ್ಷ ಮೀರಿದ ಸಾಲಕ್ಕೆ ಅದರ ಶುಲ್ಕ ಕೇವಲ 100 ರೂಪಾಯಿ ಮತ್ತು ತೆರಿಗೆ. ಈ ಬಾಬಿಗೆ ಯಾರಾದರೂ ಸಾವಿರಗಳಲ್ಲಿ ಮಾತಾಡಿದರೆ ರಸೀತಿ ಕೇಳುವುದು ಒಳ್ಳೆಯದು.

ಎರಡನೆಯ ಬಾಗಿಲು: ಸಾಲ ಕೊಡುವವರ ಷರತ್ತು

ಎರಡನೆಯದು ಕಾನೂನಲ್ಲ, ಕರಾರು. ಅರ್ಜಿಯನ್ನು ಪರಿಶೀಲಿಸುವ ಸಂಸ್ಕರಣಾ ಶುಲ್ಕ, ವಕೀಲರ ಅಭಿಪ್ರಾಯ, ಇಂಜಿನಿಯರರ ಮೌಲ್ಯಮಾಪನ, ಬೆಂಕಿ ಭೂಕಂಪಗಳಿಂದ ಮನೆಯ ರಕ್ಷಣೆಗೆ ಮಾಡಿಸುವ ಕಟ್ಟಡದ ವಿಮೆ ಇವೆಲ್ಲ ಈ ಗುಂಪಿಗೆ ಸೇರಿದವು. ಸಾಲ ಕೊಡುವವರು ಇವನ್ನು ಕೇಳುವುದು ನ್ಯಾಯವೇ. ತಮ್ಮ ಹಣಕ್ಕೆ ಆಧಾರವಾದ ಮನೆ ಗಟ್ಟಿಯಾಗಿದೆಯೇ, ಅದರ ಹಕ್ಕು ನಿರ್ಮಲವಾಗಿದೆಯೇ ಎಂದು ಅವರು ನೋಡಬೇಡವೇ?

ಆದರೆ ಇವುಗಳ ಮೊತ್ತ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ದೃಷ್ಟಾಂತಕ್ಕೆ, ಸಂಸ್ಕರಣಾ ಶುಲ್ಕ ಸಾಲದ ಶೇಕಡಾ ಅರ್ಧವೆಂದರೆ 18 ಲಕ್ಷಕ್ಕೆ 9,000. ಅದಕ್ಕೆ ಶೇಕಡಾ 18ರ ಜಿಎಸ್‌ಟಿ ಸೇರಿ 10,620. ಇನ್ನೊಂದು ಕಡೆ ಇದೇ ಶುಲ್ಕ ಕಡಿಮೆಯಿರಬಹುದು, ಹಬ್ಬದ ದಿನಗಳಲ್ಲಿ ಮನ್ನಾ ಆಗಿರಲೂಬಹುದು. ಈ ಬಾಗಿಲಿನಲ್ಲಿ ಚೌಕಾಸಿ ಅವಮಾನವಲ್ಲ. ಸಂತೆಯಲ್ಲಿ ಸೊಪ್ಪಿಗೆ ಎರಡು ರೂಪಾಯಿ ಇಳಿಸುವ ಗೃಹಿಣಿ, ಬ್ಯಾಂಕಿನ ಮೇಜಿನ ಮುಂದೆ ಹತ್ತು ಸಾವಿರದ ಬಗ್ಗೆ ಮೌನವಾಗಿರಬೇಕಾಗಿಲ್ಲ. ಕಟ್ಟಡದ ವಿಮೆ ಬೇಕೆಂದು ಕೇಳುವುದು ಬ್ಯಾಂಕಿನ ಹಕ್ಕಾದರೂ, ಅದನ್ನು ಯಾವ ವಿಮಾ ಸಂಸ್ಥೆಯಿಂದ ಕೊಳ್ಳಬೇಕೆಂಬ ಆಯ್ಕೆ ಸಾಲಗಾರನದು.

ವಕೀಲರ ಶುಲ್ಕವನ್ನು ಉಳಿಸುವ ಯತ್ನ ಮಾತ್ರ ಸಲ್ಲದು. ಹೆದ್ದಾರಿಯ ಆಚೀಚೆ ನಿನ್ನೆಯ ರಾಗಿಯ ಹೊಲ ಇಂದು ನಿವೇಶನವಾಗುವ ಕಾಲವಿದು. ಭೂಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ, ಮೂಲಪತ್ರ, ಋಣಭಾರ ಪತ್ರ, ಪುರಸಭೆಯ ಇ-ಖಾತೆ ಇವುಗಳಲ್ಲಿ ಒಂದು ಕೊರತೆಯಾದರೂ ಸಾಲವೂ ಸಿಕ್ಕದು, ಸಹಾಯಧನವೂ ಸಿಕ್ಕದು. ಕೆಲವು ಸಾವಿರ ಕೊಟ್ಟು ಪಡೆದ ಒಳ್ಳೆಯ ಅಭಿಪ್ರಾಯ ಇಡೀ ಜೀವಮಾನದ ಉಳಿತಾಯವನ್ನು ಕಾಯುತ್ತದೆ. ಮುಂಗಡ ಕೊಟ್ಟ ಮೇಲೆ ಪತ್ರಗಳನ್ನು ತೋರಿಸುವುದಲ್ಲ. ತೋರಿಸಿದ ಮೇಲೆ ಮುಂಗಡ.

ಮೂರನೆಯ ಬಾಗಿಲು: ಬೇಕಾದರೆ ಉಂಟು

ಸಹಿಯ ದಿನ ಬಂತು. ಕಾಗದಗಳ ಕಟ್ಟು ದಪ್ಪವಾಗಿತ್ತು. ಯಜಮಾನರು ಸಹಿ ಹಾಕುತ್ತ ಹೋದರು. ಮನೆಯಾಕೆ ಪಕ್ಕದಲ್ಲಿ ಕುಳಿತು ಓದುತ್ತ ಬಂದರು. ಒಂದು ಹಾಳೆಯಲ್ಲಿ, ಸಾಲದ ರಕ್ಷಣೆಗೆ ಜೀವವಿಮೆ, ಒಂದೇ ಕಂತಿನ ಪ್ರೀಮಿಯಂ 60,000 ಎಂದಿತ್ತು.

"ಇದು ಯಾವುದು?" ಎಂದು ಕೇಳಿದರು.

"ಇದು ಕಡ್ಡಾಯ ತಾಯಿ. ಕೈಯಿಂದ ಕೊಡಬೇಕಾಗಿಲ್ಲ, ಸಾಲಕ್ಕೇ ಸೇರಿಸುತ್ತೇವೆ" ಎಂದು ಉತ್ತರ ಬಂತು.

ಕೈಯಿಂದ ಕೊಡಬೇಕಾಗಿಲ್ಲವೆಂಬ ಮಾತು ಕಿವಿಗೆ ಇಂಪು. ಆದರೆ ಅದೇ ಶೇಕಡಾ 8.5ರಲ್ಲಿ ಇಪ್ಪತ್ತು ವರ್ಷ ಹರಡಿದರೆ ಆ 60,000ಕ್ಕೆ ತಿಂಗಳಿಗೆ ಸುಮಾರು 521 ರೂಪಾಯಿ ತೆರಬೇಕು. 240 ತಿಂಗಳಿಗೆ ಅದು ಸುಮಾರು 1,25,000. ಸರ್ಕಾರ ಐದು ವರ್ಷ ಕಾಯಿಸಿ ಕೊಡುವ ಸಹಾಯಧನದಲ್ಲಿ ಮೂರನೆಯ ಎರಡು ಪಾಲಿಗೂ ಮಿಕ್ಕಿದ ಹಣ ಒಂದು ಸಹಿಯಿಂದ ಹೊರಟುಹೋಗುವುದು.

ಮತ್ತು ಅದು ಕಡ್ಡಾಯವಲ್ಲ. ಮನೆಸಾಲ ಪಡೆಯುವವನು ಜೀವವಿಮೆ ಮಾಡಿಸಲೇಬೇಕೆಂಬ ಕಾನೂನಿಲ್ಲ. ಒಂದು ಸೇವೆಯನ್ನು ಕೊಡಲು ಇನ್ನೊಂದನ್ನು ಕೊಳ್ಳುವಂತೆ ಗ್ರಾಹಕನನ್ನು ಒತ್ತಾಯಿಸುವುದು ರಿಸರ್ವ್ ಬ್ಯಾಂಕಿನ ನಿಯಮಕ್ಕೆ ವಿರುದ್ಧ. ಸಾಲದೊಡನೆ ತೋರಿಸುವ ಕ್ರೆಡಿಟ್ ಕಾರ್ಡು, ಉಳಿತಾಯದ ಪಾಲಿಸಿ, ಆರೋಗ್ಯದ ಪೊಟ್ಟಣ ಎಲ್ಲವೂ ಈ ಮೂರನೆಯ ಬಾಗಿಲಿನವು.

ಹೆಸರಿನಿಂದಲೂ ಇಲ್ಲಿ ಮೋಸಹೋಗುವುದುಂಟು. ಅಮೆರಿಕದಲ್ಲಿ 1934ರಿಂದ ಅಲ್ಲಿನ ಒಕ್ಕೂಟ ಸರ್ಕಾರದ ವಸತಿ ಆಡಳಿತವು ಮನೆಸಾಲಗಳಿಗೆ ವಿಮೆಯ ಆಸರೆ ಕೊಡುತ್ತ ಬಂದಿದೆ. ಅಲ್ಲಿ ಸಾಲಗಾರ ಆರಂಭದಲ್ಲಿ ಸಾಲದ ಶೇಕಡಾ 1.75ನ್ನೂ ಆಮೇಲೆ ವರ್ಷಂಪ್ರತಿ ಇನ್ನಷ್ಟನ್ನೂ ಪ್ರೀಮಿಯಂ ತೆರುತ್ತಾನೆ, ಅದು ಕಡ್ಡಾಯವೇ. ಆದರೆ ಆ ವಿಮೆ ಕಾಯುವುದು ಸಾಲ ಕೊಟ್ಟವನನ್ನು, ಸಾಲಗಾರನ ಮಕ್ಕಳನ್ನಲ್ಲ. ವಿಮೆ ಎಂಬ ಮಾತು ಕಂಡೊಡನೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಇದು ಯಾರ ರಕ್ಷಣೆಗೆ?

ಹಾಗೆಂದು ಜೀವವಿಮೆಯೇ ಬೇಡವೆಂದು ಯಾರೂ ತಿಳಿಯಬಾರದು. ಮುಖ್ಯ ಸಂಪಾದನೆ ಒಬ್ಬರದೇ ಆಗಿರುವ ಮನೆಯಲ್ಲಿ, ಸಾಲ ತೀರುವ ಮೊದಲೇ ಆ ಒಬ್ಬರು ಇಲ್ಲವಾದರೆ, ಉಳಿದವರಿಗೆ ದುಃಖದೊಡನೆ ತಿಂಗಳ ಕಂತೂ ಎದುರಾಗುತ್ತದೆ. ಅದಕ್ಕೆ ವಿಮೆ ಬೇಕೇಬೇಕು. ಆದರೆ ಅದನ್ನು ಬೇರೆಯಾಗಿ, ನಾಲ್ಕು ಕಡೆ ವಿಚಾರಿಸಿ, ಸಾದಾ ಅವಧಿ ವಿಮೆಯಾಗಿ ಕೊಳ್ಳಬಹುದು. ಸಾಲಕ್ಕೆ ಅಂಟಿಸಿದ ವಿಮೆಯ ಮೊತ್ತ ಸಾಮಾನ್ಯವಾಗಿ ಸಾಲದೊಡನೆಯೇ ಇಳಿಯುತ್ತ ಹೋಗುತ್ತದೆ. ಸಾದಾ ಅವಧಿ ವಿಮೆಯಲ್ಲಿ ಮೊತ್ತ ಇದ್ದಂತೆಯೇ ಇದ್ದು, ಸಾಲ ತೀರಿಸಿ ಮಿಕ್ಕಿದುದು ಮನೆಯವರಿಗೆ ಉಳಿಯುತ್ತದೆ. ಐಚ್ಛಿಕವಾದುದೆಲ್ಲ ಅನಾವಶ್ಯಕವಲ್ಲ, ಅದರ ನಿರ್ಧಾರ ಮನೆಯಲ್ಲಿ ಆಗಬೇಕು, ಸಹಿಯ ಮೇಜಿನ ಮೇಲಲ್ಲ.

ಕೈಯಲ್ಲಿರಬೇಕಾದ ಕಾಗದ

ಬಾಗಿಲುಗಳನ್ನು ಗುರುತಿಸಲು ಒಂದು ಒಳ್ಳೆಯ ಸಾಧನ ಈಗ ಒದಗಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಪ್ರತಿಯೊಂದು ಹೊಸ ಗೃಹಸಾಲಕ್ಕೂ 'ಪ್ರಮುಖ ಅಂಶಗಳ ಹೇಳಿಕೆ' ಎಂಬ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಕನ್ನಡಿಗನು ಕನ್ನಡದಲ್ಲಿ ಕೇಳುವುದು ಉಪಕಾರವಲ್ಲ, ಹಕ್ಕು. ಅದರಲ್ಲಿ ಬಡ್ಡಿಯ ದರವಲ್ಲದೆ ಶುಲ್ಕಗಳು, ವಿಮೆ, ವಕೀಲರ ವೆಚ್ಚ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದ ವಾರ್ಷಿಕ ದರವೊಂದು ಇರುತ್ತದೆ. ಎರಡು ಬ್ಯಾಂಕುಗಳನ್ನು ಹೋಲಿಸುವಾಗ ನೋಡಬೇಕಾದುದು ಜಾಹೀರಾತಿನ ಬಡ್ಡಿಯನ್ನಲ್ಲ, ಈ ದರವನ್ನು. ಪತ್ರದಲ್ಲಿ ಕಾಣಿಸದ ಯಾವ ಶುಲ್ಕವನ್ನೂ, ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ, ಸಾಲ ತೀರುವತನಕ ವಸೂಲು ಮಾಡುವಂತಿಲ್ಲ. ಪತ್ರವನ್ನು ಕೊಟ್ಟ ಮೇಲೆ ಕನಿಷ್ಠ ಮೂರು ಕೆಲಸದ ದಿನ ಅದರ ಮಾತಿಗೆ ಸಾಲ ಕೊಡುವವರು ಬದ್ಧರು. ಆ ಮೂರು ದಿನಗಳು ಮನೆಯಲ್ಲಿ ಕುಳಿತು ಓದುವುದಕ್ಕಾಗಿಯೇ ಇವೆ.

ಸಹಿ ಹಾಕಿದ ಮೇಲೆ ಎಚ್ಚತ್ತವರಿಗೂ ದಾರಿಯುಂಟು. ಜೀವವಿಮೆಯ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಬಹುದು. ಬ್ಯಾಂಕಿಗೆ ಬರೆದು ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ. ಸಾಲವೆಲ್ಲ ತೀರಿದ 30 ದಿನಗಳೊಳಗೆ ಮೂಲಪತ್ರಗಳು ಹಿಂದಿರುಗಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ದೃಷ್ಟಾಂತದ ಮನೆಯಾಕೆ ಅಂದು ಹೆಚ್ಚೇನೂ ಮಾತಾಡಲಿಲ್ಲ. "ಕಡ್ಡಾಯವೆಂದು ಈ ಹಾಳೆಯ ಮೇಲೆಯೇ ಬರೆದು, ಸಹಿ ಮಾಡಿ ಕೊಡಿ, ನಾಳೆ ಬರುತ್ತೇವೆ" ಎಂದರು. ಹಾಳೆಯನ್ನು ಕಟ್ಟಿನಿಂದ ತೆಗೆದಿಡಲಾಯಿತು. ಸಾಲದ ಮೊತ್ತವನ್ನು 19 ಲಕ್ಷಕ್ಕೆ ತಿದ್ದಿಸಲು ಹೊಸ ಅರ್ಜಿ, ಹೊಸ ಹೇಳಿಕೆ, ಇನ್ನೊಂದು ವಾರದ ಓಡಾಟ ಬೇಕಾಯಿತು. ತಿಂಗಳ ಕಂತು 16,489ಕ್ಕೆ ನಿಂತಿತು. ಯಜಮಾನರ ಹೆಸರಿನಲ್ಲಿ ಬೇರೆಯಾಗಿ ಒಂದು ಅವಧಿ ವಿಮೆಯಾಯಿತು. ಸುಣ್ಣಬಣ್ಣವನ್ನು ಮುಂದಿನ ವರ್ಷಕ್ಕೆ ಹಾಕಿ, ಹಾಲುಕ್ಕಿಸಿ ಹತ್ತು ಮಂದಿಗೆ ಊಟವಿಟ್ಟು ಗೃಹಪ್ರವೇಶ ಮುಗಿಸಿದರು.

ಕ್ರಯಪತ್ರದ ಪ್ರತಿಯೂ, ಕನ್ನಡದಲ್ಲಿ ಕೇಳಿ ಪಡೆದ ಹೇಳಿಕೆಯೂ ಈಗ ಹಳೆಯ ಪೆಟ್ಟಿಗೆಯಲ್ಲಿವೆ. ಅವುಗಳ ಕೆಳಗೆ, ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಬಳೆಗಳು ಇದ್ದಲ್ಲಿಯೇ ಇವೆ.